ತೀವ್ರ ಅಸ್ತಮಾ ಇದ್ದವರು ಹೃದಯದ ಬಗ್ಗೆ ಎಷ್ಟು ಯೋಚಿಸಬೇಕು?

ಪ್ರಶ್ನೆ: ನನಗೆ 53 ವರ್ಷ, ಊರು ಸಾಗರದ ಹತ್ತಿರ. 41ನೇ ವಯಸ್ಸಿನಲ್ಲಿ ಅಸ್ತಮಾ ಶುರುವಾಯಿತು. ಬ್ಯುಡೆಸೊನೈಡ್–ಫಾರ್ಮೊಟೆರಾಲ್ ಪಂಪ್ ಅನ್ನು ದಿನಕ್ಕೆ ಎರಡು ಹೊತ್ತು ತೆಗೆದುಕೊಳ್ಳುತ್ತೇನೆ. ಆದರೂ ವರ್ಷಕ್ಕೆ ನಾಲ್ಕೈದು ಸಲ ಉಬ್ಬಸ ಜೋರಾಗಿ, ಐದೈದು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಗುತ್ತದೆ. ಉಬ್ಬಸ ಬಂದಾಗ ತಕ್ಷಣದ ಆರಾಮಕ್ಕೆಂದು ಇರುವ ಸಾಲ್ಬುಟಮಾಲ್ ಪಂಪ್ ಎಳೆದಾಗ ಎದೆ ಡವಗುಟ್ಟಿ ಕೈ ನಡುಗುತ್ತದೆ. ಈಚೆಗೆ ಬಿಪಿ 148/92 ಬಂದಿದೆ. ನನ್ನ ತಂದೆಗೆ 52ನೇ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ತೀವ್ರ ಅಸ್ತಮಾ ಇದ್ದವರಿಗೆ ಹೃದ್ರೋಗವೂ ಹೆಚ್ಚು ಎಂದು ಓದಿದ ಮೇಲೆ ಭಯವಾಗಿದೆ. ಇದು ನಿಜವೇ? ಹೃದಯಕ್ಕೆ ಕೆಡುಕಾಗುವುದಾದರೆ ಪಂಪ್ ಕಡಿಮೆ ಮಾಡಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದುದನ್ನು ಓದಿ ಮುಗಿಸುವ ಮುನ್ನವೇ ಕೆಲವರು ಪಂಪ್ ಬದಿಗಿಟ್ಟುಬಿಡುತ್ತಾರೆ. ದಿನಕ್ಕೆರಡು ಹೊತ್ತಿನ ನಿಮ್ಮ ಪಂಪ್ ಅನ್ನು ಹೃದಯದ ಹೆಸರಿನಲ್ಲಿ ಕಡಿಮೆ ಮಾಡಬೇಡಿ, ನಿಲ್ಲಿಸಲೂಬೇಡಿ. ಅದರಲ್ಲಿರುವ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಸೇರುತ್ತದೆ. ನೀವು ನುಂಗುವ ಪ್ರೆಡ್ನಿಸೋಲೋನ್ ಮಾತ್ರೆಯ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕದಲ್ಲಿ ಇಡೀ ಮೈಗೆ ಹರಡುತ್ತದೆ. ಮೊದಲನೆಯದನ್ನು ಬಿಟ್ಟವರಿಗೆ ಎರಡನೆಯದು ಹೆಚ್ಚು ಬೇಕಾಗುತ್ತದೆ, ಮತ್ತು ಹೃದಯದ ದೃಷ್ಟಿಯಿಂದ ನೋಡಿದರೆ ಚಿಂತಿಸಬೇಕಾದದ್ದು ಆ ಎರಡನೆಯದರ ಬಗ್ಗೆಯೇ.

ಇನ್ನು, ನೀವು ಓದಿದ್ದು ನಿಜವೇ? ಬಹುಮಟ್ಟಿಗೆ ನಿಜ. ಅಮೆರಿಕದ ಆರು ಕಡೆಗಳಲ್ಲಿ ನಡೆದ ಮೆಸಾ ಎಂಬ ದೀರ್ಘ ಅಧ್ಯಯನದಲ್ಲಿ, ಆರಂಭದಲ್ಲಿ ಹೃದ್ರೋಗವಿಲ್ಲದಿದ್ದ 6,792 ಮಂದಿಯನ್ನು ಸರಾಸರಿ 9 ವರ್ಷ ಗಮನಿಸಿದಾಗ, ದಿನನಿತ್ಯ ಔಷಧಿ ಬೇಕಾಗುವಂಥ ಅಸ್ತಮಾ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವುಗಳ ಅಪಾಯ ಅಸ್ತಮಾ ಇಲ್ಲದವರಿಗಿಂತ ಸುಮಾರು 1.6 ಪಟ್ಟು ಕಂಡುಬಂತೆಂದು 2015ರಲ್ಲಿ ವರದಿಯಾಯಿತು. ವಯಸ್ಸು, ಬಿಪಿ, ಧೂಮಪಾನ ಮೊದಲಾದ ಮಾಮೂಲಿ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿದ ವ್ಯತ್ಯಾಸ ಅದು. ಅದೇ ಅಧ್ಯಯನದವರು 2022ರಲ್ಲಿ ಕುತ್ತಿಗೆಯ ರಕ್ತನಾಳಗಳ ಸ್ಕ್ಯಾನಿಂಗ್ ಫಲಿತಾಂಶವನ್ನೂ ಪ್ರಕಟಿಸಿದರು. ಅಸ್ತಮಾ ಇಲ್ಲದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಆಗೊಮ್ಮೆ ಈಗೊಮ್ಮೆ ಉಬ್ಬಸ ಬರುವವರಲ್ಲೂ ಅಷ್ಟೇ ಮಂದಿಗೆ, ರಕ್ತನಾಳದ ಗೋಡೆಯಲ್ಲಿ ಕೊಬ್ಬಿನ ಗಂಟುಗಳಿದ್ದವು. ನಿತ್ಯ ಔಷಧಿಯ ಅಸ್ತಮಾ ಇದ್ದವರಲ್ಲಿ ಆ ಪ್ರಮಾಣ ನೂರಕ್ಕೆ 67ಕ್ಕೆ ಏರಿತ್ತು. ಅಂದರೆ ಅಸ್ತಮಾ ಎಂಬ ಹೆಸರಿಗಿಂತ ಅದರ ತೀವ್ರತೆಯೇ ಇಲ್ಲಿ ಮುಖ್ಯ. ನಾರ್ವೆಯಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಹಂಟ್ ಅಧ್ಯಯನ 2018ರಲ್ಲಿ ಹೇಳಿದ್ದೂ ಇದನ್ನೇ. ಏಟ್ರಿಯಲ್ ಫೈಬ್ರಿಲೇಶನ್ ಎಂಬ ಹೃದಯಬಡಿತದ ಏರುಪೇರು ಅಸ್ತಮಾ ಇದ್ದವರಲ್ಲಿ ಹೆಚ್ಚಿತ್ತು, ನಿಯಂತ್ರಣ ತಪ್ಪಿದವರಲ್ಲಿ ಇನ್ನೂ ಹೆಚ್ಚಿತ್ತು.

ನಿಮಗೆ ಅನ್ವಯಿಸುವ ಇನ್ನೊಂದು ಸಂಗತಿಯಿದೆ. ಬಾಲ್ಯದಿಂದ ಬಂದ ಅಸ್ತಮಾಕ್ಕೂ ದೊಡ್ಡವರಾದ ಮೇಲೆ ಬಂದ ಅಸ್ತಮಾಕ್ಕೂ ಈ ವಿಷಯದಲ್ಲಿ ವ್ಯತ್ಯಾಸವಿರುವಂತೆ ಕಾಣುತ್ತದೆ. ವಿಸ್ಕಾನ್ಸಿನ್‌ನಲ್ಲಿ 1,269 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 18 ವರ್ಷ ದಾಟಿದ ಮೇಲೆ ಅಸ್ತಮಾ ಬಂದವರ ಹೃದ್ರೋಗದ ಅಪಾಯ ಅಸ್ತಮಾ ಇಲ್ಲದವರಿಗಿಂತ ಶೇ. 57ರಷ್ಟು ಹೆಚ್ಚಿತ್ತು. ತಡವಾಗಿ ಬರುವ ಅಸ್ತಮಾ ಹೆಂಗಸರಲ್ಲೂ ಮೈತೂಕ ಹೆಚ್ಚಿರುವವರಲ್ಲೂ ಹೆಚ್ಚು, ಮತ್ತು ಸಾಧಾರಣ ಔಷಧಿಗೆ ಸುಲಭವಾಗಿ ಬಗ್ಗುವಂಥದ್ದಲ್ಲ.

ಆದರೆ 1.6 ಪಟ್ಟು ಎಂಬ ಮಾತನ್ನು ಓದುವಾಗ, ಯಾವುದರ 1.6 ಪಟ್ಟು ಎಂದು ಕೇಳಿಕೊಳ್ಳಬೇಕು. ಮುಂದಿನ ಹತ್ತು ವರ್ಷಗಳಲ್ಲಿ ನೂರರಲ್ಲಿ ಐವರಿಗೆ ಹೃದ್ರೋಗ ಬರಬಹುದಾದ ಗುಂಪಿನಲ್ಲಿ ಅದು ಎಂಟಾಗುತ್ತದೆ. ನೂರರಲ್ಲಿ ಹದಿನೈದು ಮಂದಿಗೆ ಬರಬಹುದಾದ ಗುಂಪಿನಲ್ಲಿ ಇಪ್ಪತ್ತನಾಲ್ಕಾಗುತ್ತದೆ. ಆದ್ದರಿಂದ ಬಿಪಿ, ಸಕ್ಕರೆ, ಕೊಲೆಸ್ಟರಾಲ್, ತಂಬಾಕು, ಮನೆತನದ ಇತಿಹಾಸ ಇವೆಲ್ಲ ಸೇರಿ ನಿಮ್ಮ ಬುಡದ ಅಪಾಯ ಎಷ್ಟಿದೆ ಎಂಬುದೇ ದೊಡ್ಡ ವಿಷಯ. ಕೋಪನ್‌ಹೇಗನ್‌ನಲ್ಲಿ ಸುಮಾರು ಒಂದು ಲಕ್ಷ ಜನರನ್ನು ಒಳಗೊಂಡ ಅಧ್ಯಯನವೊಂದು 2015ರಲ್ಲಿ, ಅಸ್ತಮಾ ರೋಗಿಗಳ ಹೃದ್ರೋಗ ಮತ್ತು ಮರಣಗಳಿಗೆ ಮುಖ್ಯ ಕಾರಣ ಧೂಮಪಾನವೇ ಎಂದು ತೋರಿಸಿತು. ಇಂಥ ಅಧ್ಯಯನಗಳೆಲ್ಲ ಜನರನ್ನು ಗಮನಿಸಿ ಮಾಡಿದವು. ಎರಡು ಕಾಯಿಲೆಗಳು ಜೊತೆಯಾಗಿ ಬರುತ್ತವೆ ಎಂದು ಅವು ಹೇಳುತ್ತವೆಯೇ ಹೊರತು, ಒಂದು ಇನ್ನೊಂದನ್ನು ಹುಟ್ಟಿಸಿತು ಎಂದು ಸಾಧಿಸುವುದಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲಿ ಈ ಎಚ್ಚರ ಕಾಣುವುದು ಅಪರೂಪ.

ಹಾಗಿದ್ದರೂ ಕಾರ್ಯಕಾರಣ ಸಂಬಂಧ ಇರಬಹುದೆಂದು ನಂಬಲು ಆಧಾರವಿದೆ. ತೀವ್ರ ಅಸ್ತಮಾದಲ್ಲಿ ಉರಿಯೂತ ಶ್ವಾಸನಾಳದೊಳಗೇ ನಿಲ್ಲುವುದಿಲ್ಲ. ಮೆಸಾದಲ್ಲಿ ನಿತ್ಯ ಔಷಧಿಯ ಅಸ್ತಮಾ ಇದ್ದವರ ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಮತ್ತು ಫೈಬ್ರಿನೊಜೆನ್ ಮಟ್ಟ ಹೆಚ್ಚಿತ್ತು. ಮೊದಲನೆಯದು ಉರಿಯೂತದ ಗುರುತು, ಎರಡನೆಯದು ಉರಿಯೂತದಲ್ಲಿ ಏರುವುದರ ಜೊತೆಗೆ ರಕ್ತ ಹೆಪ್ಪುಗಟ್ಟುವಿಕೆಯಲ್ಲೂ ಪಾತ್ರ ವಹಿಸುವಂಥದ್ದು. ರಕ್ತನಾಳದ ಕೊಬ್ಬಿನ ಗಂಟು ಬೆಳೆಯುವುದಕ್ಕೂ ಬಿರಿಯುವುದಕ್ಕೂ ಉರಿಯೂತ ಬೇಕು. 10 ಸಾವಿರ ರೋಗಿಗಳ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗ 2017ರಲ್ಲಿ, ಕೊಲೆಸ್ಟರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಔಷಧಿಯಿಂದಲೂ ಹೃದಯಾಘಾತಗಳು ಕಡಿಮೆಯಾಗುತ್ತವೆ ಎಂದು ತೋರಿಸಿದ ಮೇಲೆ ಈ ವಾದಕ್ಕೆ ಬಲ ಬಂತು. ಅದು ಅಸ್ತಮಾ ರೋಗಿಗಳ ಮೇಲೆ ನಡೆದ ಪ್ರಯೋಗವಲ್ಲ, ಆದರೆ ದಾರಿ ಅದೇ.

ಈಗ ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಹೆಚ್ಚು ಸೆಳೆದ ಭಾಗಕ್ಕೆ ಬರುತ್ತೇನೆ. ವರ್ಷಕ್ಕೆ ನಾಲ್ಕೈದು ಸಲ ಪ್ರೆಡ್ನಿಸೋಲೋನ್ ಎಂದಿದ್ದೀರಿ. ಸಾಮಾನ್ಯವಾಗಿ ಬರೆದುಕೊಡುವುದು ದಿನಕ್ಕೆ 40 ಮಿಲಿಗ್ರಾಂನಂತೆ ಐದು ದಿನ, ಅಂದರೆ ಒಂದು ಸಲಕ್ಕೆ 200 ಮಿಲಿಗ್ರಾಂ. ಐದು ಸಲಕ್ಕೆ ಒಂದು ಗ್ರಾಂ. ಬ್ರಿಟನ್‌ನ ಅಸ್ತಮಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಟ್ಟು ಪ್ರಮಾಣ ಅರ್ಧದಿಂದ ಒಂದು ಗ್ರಾಂ ಮುಟ್ಟುವಷ್ಟರಲ್ಲೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳು ಹೆಚ್ಚತೊಡಗುತ್ತವೆ. ಅದು ಇಡೀ ಜೀವಮಾನದ ಲೆಕ್ಕ; ನೀವು ಒಂದೇ ವರ್ಷದಲ್ಲಿ ಅದನ್ನು ಮುಟ್ಟುತ್ತಿದ್ದೀರಿ. ಸ್ಕಾಟ್ಲೆಂಡ್‌ನ ಟೇಸೈಡ್‌ನಲ್ಲಿ ನಡೆದು 2004ರಲ್ಲಿ ವರದಿಯಾದ ಅಧ್ಯಯನದಲ್ಲಿ, ನಾನಾ ಕಾಯಿಲೆಗಳಿಗಾಗಿ ದಿನಕ್ಕೆ 7.5 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರೆಡ್ನಿಸೋಲೋನ್‌ಗೆ ಸಮನಾದ ಸ್ಟೀರಾಯ್ಡ್ ತೆಗೆದುಕೊಂಡವರ ಹೃದ್ರೋಗದ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. ಬ್ರಿಟನ್‌ನಲ್ಲಿ ವೈದ್ಯರು ಬಳಸುವ ಕ್ಯೂರಿಸ್ಕ್-3 ಎಂಬ ಹೃದಯದ ಅಪಾಯದ ಲೆಕ್ಕಾಚಾರದಲ್ಲಿ ಸ್ಟೀರಾಯ್ಡ್ ಮಾತ್ರೆಯ ಬಳಕೆಗೆ 2017ರಿಂದ ಪ್ರತ್ಯೇಕ ಅಂಕವಿದೆ. ಅಸ್ತಮಾಕ್ಕೆ ಅದರಲ್ಲಿ ಅಂಕವಿಲ್ಲ ಎಂಬುದನ್ನೂ ಗಮನಿಸಿ.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ, ಕಳೆದ ಎರಡು ವರ್ಷಗಳ ಔಷಧಿ ಚೀಟಿಗಳನ್ನು ಒಟ್ಟುಗೂಡಿಸಿ, ಎಷ್ಟು ಮಿಲಿಗ್ರಾಂ ಮಾತ್ರೆ ಎಷ್ಟು ದಿನ ಎಂದು ಒಂದು ಹಾಳೆಯಲ್ಲಿ ಬರೆಯುವುದು. ಎದೆ ಕಟ್ಟಿದಾಗ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡ ಬೀಟಾಮೆಥಸೋನ್, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಳೂ ಆ ಹಾಳೆಯಲ್ಲಿ ಬರಲಿ, ಪಕ್ಕದೂರಿನ ಕ್ಲಿನಿಕ್‌ನಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ ಕೂಡ ಬರಲಿ. ಉಬ್ಬಸಕ್ಕೆಂದು ಯಾರೋ ಕಟ್ಟಿಕೊಡುವ, ಒಳಗೇನಿದೆ ಎಂದು ಬರೆಯದ ಪೊಟ್ಟಣದ ಪುಡಿಗಳನ್ನು ಮರೆಯಬೇಡಿ. ಇಂಥ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸ್ಟೀರಾಯ್ಡ್ ಸಿಕ್ಕಿರುವ ಉದಾಹರಣೆಗಳಿವೆ. ಮೂರೇ ದಿನದಲ್ಲಿ ಉಬ್ಬಸ ಮಾಯವಾಗಿ, ಹಸಿವು ಹೆಚ್ಚಿ, ಮುಖ ತುಂಬಿಕೊಂಡರೆ ಅದನ್ನು ಗಿಡಮೂಲಿಕೆಯ ಮಹಿಮೆ ಎಂದುಕೊಳ್ಳುವ ಮೊದಲು ಅನುಮಾನಿಸಬೇಕು. ಇಷ್ಟು ಹೇಳಿದೆನೆಂದು, ವೈದ್ಯರು ಬರೆದ ಪ್ರೆಡ್ನಿಸೋಲೋನ್ ಅನ್ನು ಉಬ್ಬಸ ಜೋರಾದಾಗ ನುಂಗದೆ ಇರಬೇಡಿ. ಆ ಹೊತ್ತಿನಲ್ಲಿ ಅದು ಜೀವ ಉಳಿಸುವ ಔಷಧಿ. ವಾರಗಟ್ಟಲೆ ನಿರಂತರವಾಗಿ ನುಂಗುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ, ಏಕೆಂದರೆ ಅಷ್ಟರಲ್ಲಿ ಮೈಯೊಳಗಿನ ಅಡ್ರಿನಲ್ ಗ್ರಂಥಿ ತನ್ನ ಸ್ವಂತ ಸ್ಟೀರಾಯ್ಡ್ ಉತ್ಪಾದನೆಯನ್ನು ನಿಲ್ಲಿಸಿರಬಹುದು.

ಮಾತ್ರೆಯ ಅಗತ್ಯವನ್ನೇ ಕಡಿಮೆ ಮಾಡುವುದು ಸರಿಯಾದ ದಾರಿ, ಮತ್ತು ಅದಕ್ಕೆ ಮೊದಲು ನಿಮ್ಮದು ನಿಜವಾಗಿಯೂ ತೀವ್ರ ಅಸ್ತಮಾವೇ ಎಂದು ನೋಡಬೇಕು. ನೆದರ್ಲೆಂಡ್ಸ್‌ನ ಒಂದು ಲೆಕ್ಕದ ಪ್ರಕಾರ ವಯಸ್ಕ ಅಸ್ತಮಾ ರೋಗಿಗಳಲ್ಲಿ ಹತೋಟಿಗೆ ಸಿಗದವರು ಶೇ. 17ರಷ್ಟಿದ್ದರೂ, ಔಷಧಿಯನ್ನು ಸರಿಯಾಗಿ ತೆಗೆದುಕೊಂಡರೂ ಹತೋಟಿಗೆ ಬಾರದ ನಿಜವಾದ ತೀವ್ರ ಅಸ್ತಮಾ ಇದ್ದವರು ಶೇ. 4ಕ್ಕಿಂತ ಕಡಿಮೆ. ಇವೆರಡರ ನಡುವಿನ ಅಂತರ ಬಹಳಷ್ಟು ಸಲ ಪಂಪ್ ಹಿಡಿಯುವ ಕೈಯಲ್ಲೇ ಇರುತ್ತದೆ. ಮುಂದಿನ ಸಲ ವೈದ್ಯರ ಎದುರು ನಿಮ್ಮ ಪಂಪ್ ಅನ್ನು ನೀವೇ ಬಳಸಿ ತೋರಿಸಿ. ಅದು ಒತ್ತುವ ಪಂಪ್ ಆಗಿದ್ದರೆ ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ಒತ್ತುವ ಕ್ಷಣದಲ್ಲೇ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಕ್ಯಾಪ್ಸೂಲ್ ಹಾಕುವ ಪುಡಿಯ ಸಾಧನವಾಗಿದ್ದರೆ ನಿಧಾನವಾಗಿ ಎಳೆಯದೆ ರಭಸವಾಗಿ ಎಳೆಯಬೇಕು. ಒಂದರ ಕ್ರಮವನ್ನು ಇನ್ನೊಂದಕ್ಕೆ ಬಳಸುವವರು ಬಹಳ. ಒತ್ತುವ ಪಂಪ್‌ಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಸೇರಿಸಿದರೆ ಗಂಟಲಿಗೆ ಬಡಿಯುವ ಔಷಧಿ ಕಡಿಮೆಯಾಗಿ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚುತ್ತದೆ.

ಹೊಗೆಯ ವಿಷಯವನ್ನು ನೀವು ಬರೆದಿಲ್ಲ, ಆದರೆ ಸಾಗರದ ಕಡೆಯವರಾದ್ದರಿಂದ ಕೇಳಲೇಬೇಕು. ಅಡುಗೆಗೆ ಗ್ಯಾಸ್ ಬಂದಿರಬಹುದು. ಬಚ್ಚಲ ಒಲೆಗೆ ಇಂದಿಗೂ ಸೌದೆ ಅಥವಾ ಅಡಿಕೆ ಸಿಪ್ಪೆ ಉರಿಸುವ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆಯ ಮುಂದೆ ಗಂಟೆಗಟ್ಟಲೆ ಕೂರುವುದೂ ಉಂಟು. ಸೌದೆ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸನಾಳವನ್ನು ಕೆರಳಿಸುವಂತೆಯೇ ರಕ್ತನಾಳಗಳಿಗೂ ಹಾನಿ ಮಾಡುತ್ತವೆ. ನಿಮ್ಮ ನಾಲ್ಕೈದು ಉಬ್ಬಸಗಳಲ್ಲಿ ಎಷ್ಟು ಆ ತಿಂಗಳುಗಳಲ್ಲೇ ಬಂದಿವೆ ಎಂದು ಅದೇ ಹಾಳೆಯಲ್ಲಿ ಗುರುತು ಹಾಕಿ.

ಎಲ್ಲವನ್ನೂ ಸರಿಪಡಿಸಿದ ಮೇಲೂ ಮಾತ್ರೆ ತಪ್ಪದಿದ್ದರೆ, ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಮತ್ತು ಅಲರ್ಜಿಗೆ ಸಂಬಂಧಿಸಿದ ಐಜಿಇ ಎಂಬ ಪ್ರತಿಕಾಯದ ಒಟ್ಟು ಪ್ರಮಾಣದ ಪರೀಕ್ಷೆಗಳು ಬೇಕು. ಎರಡು ಕಾಯಿಲೆಗಳನ್ನು ಇಲ್ಲಿ ತಪ್ಪಿಸಿಕೊಳ್ಳಲು ಬಿಡಬಾರದು. ಒಂದು, ನಮ್ಮ ದೇಶದಲ್ಲಿ ಸಾಕಷ್ಟು ಕಾಣಸಿಗುವ ಎಬಿಪಿಎ, ಅಂದರೆ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಅಲರ್ಜಿ. ಅದಕ್ಕೆ ಕೊಡುವ ಇಟ್ರಾಕೊನಜೋಲ್ ಹೃದಯದ ಪಂಪಿಂಗ್ ಶಕ್ತಿಯನ್ನು ಕುಗ್ಗಿಸಬಲ್ಲದು, ಕೊಲೆಸ್ಟರಾಲ್ ಇಳಿಸುವ ಕೆಲವು ಸ್ಟ್ಯಾಟಿನ್ ಮಾತ್ರೆಗಳನ್ನೂ ಬ್ಯುಡೆಸೊನೈಡ್ ಅನ್ನೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಸಬಲ್ಲದು. ಹೀಗಾಗಿ ಅದನ್ನು ಬರೆಯುವ ವೈದ್ಯರಿಗೆ ನಿಮ್ಮ ಎಲ್ಲ ಔಷಧಿಗಳ ಪಟ್ಟಿ ಗೊತ್ತಿರಬೇಕು. ಇನ್ನೊಂದು ಅಪರೂಪದ್ದು, ಇಜಿಪಿಎ ಎಂಬ ರಕ್ತನಾಳಗಳ ಉರಿಯೂತ. ನಡುವಯಸ್ಸಿನಲ್ಲಿ ಬಂದ ಅಸ್ತಮಾ, ಸದಾ ಕಟ್ಟಿದ ಮೂಗು, ಬಹಳ ಏರಿದ ಇಯೊಸಿನೊಫಿಲ್, ಜೊತೆಗೆ ಕೈಕಾಲು ಜೋಮು ಅಥವಾ ಚರ್ಮದ ಮೇಲೆ ಕೆಂಪು ಗುಳ್ಳೆ ಕಂಡರೆ ಅದನ್ನು ನೆನೆಯಬೇಕು. ಇದರಲ್ಲಿ ಇಯೊಸಿನೊಫಿಲ್‌ಗಳು ನೇರವಾಗಿ ಹೃದಯದ ಸ್ನಾಯುವಿಗೇ ನುಗ್ಗಬಲ್ಲವು, ಮತ್ತು ಈ ಕಾಯಿಲೆಯವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಹೃದಯದ ತೊಂದರೆಯೂ ಒಂದು.

ಮೆಪೊಲಿಜುಮ್ಯಾಬ್, ಬೆನ್ರಲಿಜುಮ್ಯಾಬ್‌ನಂಥ ಬಯೋಲಾಜಿಕ್ ಇಂಜೆಕ್ಷನ್‌ಗಳು (ಉರಿಯೂತದ ಒಂದು ನಿರ್ದಿಷ್ಟ ಕೊಂಡಿಯನ್ನಷ್ಟೇ ತಡೆಯುವ ಪ್ರತಿಕಾಯಗಳು) ಭಾರತದಲ್ಲೂ ದೊರೆಯುತ್ತವೆ; ಇಯೊಸಿನೊಫಿಲ್ ಹೆಚ್ಚಿರುವವರಲ್ಲಿ ಸ್ಟೀರಾಯ್ಡ್ ಮಾತ್ರೆಯ ಅಗತ್ಯವನ್ನು ಗಣನೀಯವಾಗಿ ಇಳಿಸುತ್ತವೆ. ಬೆಲೆ ಮಾತ್ರ ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದ್ದಲ್ಲ. ಹಳೆಯ ಬಯೋಲಾಜಿಕ್ ಆದ ಒಮಾಲಿಜುಮ್ಯಾಬ್ ಬಗ್ಗೆ, ಹೃದಯ ಮತ್ತು ಮೆದುಳಿನ ರಕ್ತನಾಳಗಳ ತೊಂದರೆ ಕೊಂಚ ಹೆಚ್ಚಿರಬಹುದೆಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಸೇರಿಸಿತು. ಅದೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಅಗತ್ಯವಿಲ್ಲ. ಆಯ್ಕೆ ಮಾಡುವಾಗ ನಿಮ್ಮ ತಂದೆಯ ಇತಿಹಾಸವನ್ನು ವೈದ್ಯರಿಗೆ ಹೇಳಿದರೆ ಸಾಕು.

ಸಾಲ್ಬುಟಮಾಲ್ ಎಳೆದಾಗ ಎದೆ ಡವಗುಟ್ಟುವುದು ಮತ್ತು ಕೈ ನಡುಗುವುದು ಆ ಔಷಧಿಯ ನಿರೀಕ್ಷಿತ ಪರಿಣಾಮ. ಕೆಲವು ನಿಮಿಷಗಳಲ್ಲಿ ತಗ್ಗಿದರೆ ಅದರಿಂದ ಹೃದಯ ಕೆಡುತ್ತದೆ ಎಂದು ತಿಳಿಯಬೇಕಿಲ್ಲ. ಬಡಿತ ತಾಳತಪ್ಪಿ ಬಹಳ ಹೊತ್ತು ಹಾಗೇ ಉಳಿದರೆ ಇಸಿಜಿ ಮಾಡಿಸಬೇಕು. ಮೇಲಿಂದ ಮೇಲೆ ಬಳಸಿದರೆ, ಅದರಲ್ಲೂ ನೆಬ್ಯುಲೈಜರ್‌ನಲ್ಲಿ, ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಬಿಪಿಗೆ ಕೊಡುವ ಮೂತ್ರವರ್ಧಕ ಮಾತ್ರೆ ಜೊತೆಗಿದ್ದರೆ ಇನ್ನಷ್ಟು. ಒಂದು ಸಾಲ್ಬುಟಮಾಲ್ ಪಂಪ್‌ನಲ್ಲಿ ಸಾಮಾನ್ಯವಾಗಿ 200 ಎಳೆತಗಳಿರುತ್ತವೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಪಂಪ್ ಖಾಲಿಯಾಗುತ್ತಿದ್ದರೆ ಅಸ್ತಮಾ ಕೈಮೀರುತ್ತಿದೆ ಎಂದೇ ಅರ್ಥ. ಅಸ್ತಮಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಜಿನಾ 2019ರಿಂದ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದೆಂದು ಹೇಳುತ್ತಿದೆ. ನಿಮ್ಮ ಬಳಿ ಇರುವ ಬ್ಯುಡೆಸೊನೈಡ್–ಫಾರ್ಮೊಟೆರಾಲ್ ಅನ್ನೇ ಉಬ್ಬಸ ಬಂದಾಗಲೂ ಬಳಸುವ ಕ್ರಮವೊಂದಿದೆ. ಅದು ಉಬ್ಬಸದ ತೀವ್ರ ಪ್ರಸಂಗಗಳನ್ನು ಕಡಿಮೆ ಮಾಡುತ್ತದೆಂಬುದು ಸ್ಥಾಪಿತವಾಗಿದೆ. ದಿನಕ್ಕೆ ಗರಿಷ್ಠ ಎಷ್ಟು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಹಳೆಯ ಥಿಯೋಫಿಲಿನ್, ಡೆರಿಫಿಲಿನ್ ಮಾತ್ರೆಗಳು ಮನೆಯಲ್ಲಿದ್ದರೆ ಸ್ವಂತ ತೀರ್ಮಾನದಿಂದ ನುಂಗಬೇಡಿ; ಗುಣ ಕೊಡುವ ಪ್ರಮಾಣಕ್ಕೂ ಹೃದಯಬಡಿತವನ್ನು ಕೆಡಿಸುವ ಪ್ರಮಾಣಕ್ಕೂ ನಡುವೆ ಅವುಗಳಲ್ಲಿ ಹೆಚ್ಚು ಅಂತರವಿಲ್ಲ.

ಬಿಪಿ 148/92 ಒಂದೇ ಸಲದ ಅಳತೆಯಾದರೆ, ಉಬ್ಬಸವಿಲ್ಲದ, ಸ್ಟೀರಾಯ್ಡ್ ಮಾತ್ರೆ ನುಂಗದ ದಿನಗಳಲ್ಲಿ ಮತ್ತೆ ಕೆಲವು ಸಲ ಅಳೆಸಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಬಿಪಿ, ಸಕ್ಕರೆ ಎರಡನ್ನೂ ನೋಡುತ್ತಾರೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಮಧ್ಯಾಹ್ನ ಮತ್ತು ಸಂಜೆಯ ಸಕ್ಕರೆಯನ್ನು ಏರಿಸುತ್ತದೆ, ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯದ್ದು ಸರಿಯಾಗಿಯೇ ಇರಬಹುದು; ಆದ್ದರಿಂದ ಮಾತ್ರೆಯ ದಿನಗಳಲ್ಲಿ ಮಧ್ಯಾಹ್ನ ಊಟವಾದ ಎರಡು ಗಂಟೆಯ ನಂತರದ ಪರೀಕ್ಷೆಯೇ ಹೆಚ್ಚು ಉಪಯುಕ್ತ. ಕೊಲೆಸ್ಟರಾಲ್ ಪರೀಕ್ಷೆ ಮತ್ತು ಒಂದು ಇಸಿಜಿ ಕೂಡ ಮಾಡಿಸಿ. ತಂದೆಗೆ 55ರೊಳಗೆ ಹೃದಯಾಘಾತವಾಗಿತ್ತು ಎಂಬುದು ತನ್ನಷ್ಟಕ್ಕೇ ಒಂದು ಅಪಾಯದ ಅಂಶ. ಅಸ್ತಮಾ ಮತ್ತು ಸ್ಟೀರಾಯ್ಡ್ ಅದರ ಮೇಲೆ ಸೇರುವುದರಿಂದ ಸ್ಟ್ಯಾಟಿನ್ ಬೇಕೇ ಎಂಬ ಚರ್ಚೆಗೆ ನಿಮ್ಮ ವಯಸ್ಸು ತೀರಾ ಚಿಕ್ಕದೇನಲ್ಲ ಎಂದು ನನ್ನ ಅಭಿಪ್ರಾಯ.

ಬಿಪಿಗೆ ಮಾತ್ರೆ ಬೇಕಾದರೆ ಆಮ್ಲೊಡಿಪಿನ್, ಟೆಲ್ಮಿಸಾರ್ಟಾನ್‌ನಂಥವು ಅಸ್ತಮಾಕ್ಕೆ ತೊಂದರೆ ಕೊಡುವುದಿಲ್ಲ. ರಾಮಿಪ್ರಿಲ್, ಎನಲಾಪ್ರಿಲ್ ಕೆಲವರಲ್ಲಿ ಒಣಕೆಮ್ಮು ತರುತ್ತವೆ. ಆ ಕೆಮ್ಮನ್ನು ಅಸ್ತಮಾ ಎಂದುಕೊಂಡು ಪಂಪ್ ಹೆಚ್ಚಿಸುವ ತಪ್ಪು ಆಗುತ್ತಿರುತ್ತದೆ. ಬೀಟಾ-ಬ್ಲಾಕರ್ ಗುಂಪಿನ ಪ್ರೊಪ್ರನಲಾಲ್ ಅನ್ನು ತಲೆನೋವಿಗಾಗಲಿ ಕೈ ನಡುಕಕ್ಕಾಗಲಿ ನೀವು ತೆಗೆದುಕೊಳ್ಳಕೂಡದು. ಗ್ಲಾಕೋಮಾಕ್ಕೆ ಕಣ್ಣಿಗೆ ಹಾಕುವ ಟಿಮೊಲಾಲ್ ಹನಿಯೂ ಇದೇ ಗುಂಪಿನದು, ಒಂದೆರಡು ಹನಿಯಿಂದಲೇ ಉಬ್ಬಸ ಕೆರಳಬಹುದು. ಆದರೆ ಹೃದಯಾಘಾತವಾದ ಮೇಲೆ ಬೇಕಾಗುವ, ಅದೇ ಗುಂಪಿನ ಬೈಸೊಪ್ರೊಲಾಲ್, ಮೆಟೊಪ್ರೊಲಾಲ್‌ನಂಥವನ್ನು ಅಸ್ತಮಾ ಹತೋಟಿಯಲ್ಲಿರುವವರಿಗೆ ಕಡಿಮೆ ಪ್ರಮಾಣದಿಂದ ಆರಂಭಿಸಿ, ಎಚ್ಚರದಿಂದ ಕೊಡಬಹುದು. ಆಸ್ಪಿರಿನ್ ಬಹುಪಾಲು ಅಸ್ತಮಾ ರೋಗಿಗಳಿಗೆ ಒಗ್ಗುತ್ತದೆ. ನೋವಿನ ಮಾತ್ರೆ ನುಂಗಿದ ಗಂಟೆ ಎರಡು ಗಂಟೆಯೊಳಗೆ ಎಂದಾದರೂ ಉಬ್ಬಸ ಬಂದಿದ್ದರೆ, ಅಥವಾ ಮೂಗಿನಲ್ಲಿ ದುರ್ಮಾಂಸ ಬೆಳೆದು ವಾಸನೆಯೇ ತಿಳಿಯದಂತಾಗಿದ್ದರೆ ಮಾತ್ರ ಮೊದಲೇ ತಿಳಿಸಬೇಕು.

ಪ್ರತಿವರ್ಷದ ಫ್ಲೂ ಲಸಿಕೆ ನಿಮಗೆ ಎರಡು ಕಾರಣಕ್ಕೆ ಬೇಕು. ಫ್ಲೂ ಅಸ್ತಮಾವನ್ನು ಕೆರಳಿಸುವುದು ಎಲ್ಲರಿಗೂ ಗೊತ್ತು. ಫ್ಲೂ ಖಚಿತವಾದ ನಂತರದ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚಿರುತ್ತದೆ ಎಂಬುದನ್ನು ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿದೆ.

ಕೊನೆಯದಾಗಿ, ಎಲ್ಲ ಏದುಸಿರಿಗೂ ಅಸ್ತಮಾವನ್ನೇ ಹೊಣೆ ಮಾಡುವ ಅಭ್ಯಾಸದ ಬಗ್ಗೆ. ಏರು ಹತ್ತುವಾಗ ಎದೆ ಬಿಗಿದು ಏದುಸಿರು ಬರುತ್ತದೆ, ಕಲ್ಲಿನ ಮೇಲೆ ಕೂತು ಪಂಪ್ ಎಳೆದುಕೊಳ್ಳುತ್ತೀರಿ, ಐದು ನಿಮಿಷದಲ್ಲಿ ಸರಿಹೋಗುತ್ತದೆ. ಸರಿಹೋಗಿದ್ದು ಪಂಪ್‌ನಿಂದಲೋ ಕೂತದ್ದರಿಂದಲೋ? ಶ್ರಮದಿಂದ ಬರುವ ಅಸ್ತಮಾ ಸಾಮಾನ್ಯವಾಗಿ ಶ್ರಮ ನಿಲ್ಲಿಸಿದ ಮೇಲೆ, ಐದು ಹತ್ತು ನಿಮಿಷದ ಹೊತ್ತಿಗೆ ಹೆಚ್ಚುತ್ತದೆ. ಹೃದಯದ ರಕ್ತನಾಳ ಕಿರಿದಾಗಿ ಬರುವ ಬಿಗಿತ ಶ್ರಮದ ನಡುವೆಯೇ ಬಂದು, ನಿಂತೊಡನೆ ಇಳಿಯತೊಡಗುತ್ತದೆ. ಹೆಂಗಸರಲ್ಲಿ ಎದೆನೋವಿಲ್ಲದೆ ಬರೀ ಏದುಸಿರು, ಸುಸ್ತು, ದವಡೆ ಅಥವಾ ಬೆನ್ನಿನ ನೋವಾಗಿ ಅದು ಕಾಣಿಸಿಕೊಳ್ಳುವುದೂ ಇದೆ. ಮಲಗಿದೊಡನೆ ಉಸಿರು ಕಟ್ಟಿ, ಎದ್ದು ಕೂತರೆ ಹಗುರವಾಗುವುದು, ಸಂಜೆಗೆ ಪಾದ ಊದುವುದು, ಪಂಪ್‌ಗೆ ಬಗ್ಗದ ಉಬ್ಬಸ ಇವು ಹೃದಯ ಸೋಲುತ್ತಿರುವುದರ ಗುರುತಾಗಿರಬಹುದು; ಎಕೋ ಪರೀಕ್ಷೆ ಮತ್ತು ಎನ್‌ಟಿ-ಪ್ರೋಬಿಎನ್‌ಪಿ ಎಂಬ ರಕ್ತಪರೀಕ್ಷೆಯಿಂದ ಇದು ಬಹುಮಟ್ಟಿಗೆ ತಿಳಿಯುತ್ತದೆ. ಬಿಗಿತ ಹದಿನೈದು ನಿಮಿಷವಾದರೂ ಇಳಿಯದೆ ಬೆವರು, ವಾಂತಿ ಜೊತೆಗೂಡಿದರೆ ಪಂಪ್ ಮೇಲೆ ಪಂಪ್ ಎಳೆಯುತ್ತಾ ಕೂರದೆ 108ಕ್ಕೆ ಕರೆ ಮಾಡಿ. ತುರ್ತು ವಿಭಾಗದಲ್ಲಿ ಯಾರು ನೋಡಿದರೂ ಮೊದಲ ಮಾತಿನಲ್ಲೇ ನಿಮಗೆ ಅಸ್ತಮಾ ಇದೆ ಎಂದು ಮನೆಯವರು ಹೇಳಲಿ, ಏಕೆಂದರೆ ಅತಿವೇಗದ ಬಡಿತವನ್ನು ತಗ್ಗಿಸಲು ಅಲ್ಲಿ ಕೊಡುವ ಅಡಿನೋಸಿನ್ ಇಂಜೆಕ್ಷನ್ ಅಸ್ತಮಾ ಇದ್ದವರ ಶ್ವಾಸನಾಳವನ್ನು ತಟ್ಟನೆ ಬಿಗಿಸಬಲ್ಲದು. ಅಸ್ತಮಾ ಇದೆಯೆಂದು ಗೊತ್ತಾದರೆ ಅವರ ಬಳಿ ಬೇರೆ ಔಷಧಿಗಳಿರುತ್ತವೆ.